ಟಿಕೀಟು ಹರಿಯುವವನ ಮಾತು

ಬೆಳಿಗ್ಗೆ ಒಂಬತ್ತಕ್ಕೇ ಬಂದಿಳಿಯುತ್ತಾರೆ, ಬಸ್ಸಿನಿಂದ;
ಮಪುಟೊ ನಿಲ್ದಾಣಕ್ಕೆ ರೈಲಿನಲ್ಲಿ ಬರುವ ಪ್ರವಾಸಿಗಳಿಲ್ಲ.
ಹಸಿರು ಗೋಡೆ, ಬಿಳಿ ಕಂಬ, ನೆತ್ತಿಯ ಮೇಲೆ
ಬೋರಲು ಹಾಕಿದ ಕೊಪ್ಪರಿಗೆಯಂಥ ಗುಮ್ಮಟ.
ಕತ್ತು ನೋಯುವಷ್ಟು ನೋಡಿ ಕೇಳುತ್ತಾರೆ:
"ಪ್ಯಾರಿಸ್ಸಿನ ಗೋಪುರ ಕಟ್ಟಿದವನೇ
ಇದನ್ನೂ ಕಟ್ಟಿದ್ದಂತೆ, ಹೌದೆ?"
ಅಲ್ಲ ಅಂದರೆ ಮುಖ ಸಣ್ಣದಾಗುತ್ತದೆ.
ಇಷ್ಟು ದೂರ ಬಂದವರು, ಪಾಪ,
"ಹಾಗಂತಾರೆ" ಅನ್ನುತ್ತೇನೆ.
ಅದೇನೂ ಸುಳ್ಳಲ್ಲ. ಹಾಗಂತಾರೆ.

ಐವತ್ತು ಮೆಟಿಕಲ್. ಚೀಟಿ ಹರಿದು
ಅರ್ಧ ಅವರಿಗೆ, ಅರ್ಧ ನನ್ನ ಡಬ್ಬಿಗೆ.
ಒಳಗೆ ಕಪ್ಪು ಎಂಜಿನ್, ನಿಂತ ಗಡಿಯಾರ, ತಂತಿಯ ಯಂತ್ರ,
ಕೊನೆಗೆ ಮೂರನೇ ದರ್ಜೆಯ ಬೋಗಿ,
ಮರದ ಬೆಂಚು, ಬೆಂಚಿನ ಮೇಲೊಂದು ಹಲಗೆ:
ಕೂರಬಾರದು.

ಮೊನ್ನೆ ಗುರುವಾರ
ಎರ್ಮೆಲಿಂಡಾ ನ್ಯಾಂತುಂಬೊ ಬಂದಳು, ಮಾನ್ಯೀಸಾದ ಮುದುಕಿ,
ಬೆನ್ನಿಗೆ ಕೂಸಿನ ಹಾಗೆ ಕಟ್ಟಿದ ಬಟ್ಟೆಗಂಟು.
ಚಿಲ್ಲರೆ ಎರಡೆರಡು ಸಲ ಎಣಿಸಿಟ್ಟಳು.
"ಅಜ್ಜಿ, ಇದು ಎಲ್ಲಿಗೂ ಹೋಗುವ ರೈಲಲ್ಲ" ಎಂದೆ.
"ಗೊತ್ತು. ಅದಕ್ಕೇ ಬಂದೆ."

ಎಂಜಿನ್ನಿನತ್ತ ತಿರುಗಿಯೂ ನೋಡಲಿಲ್ಲ.
ಬೋಗಿ ಹತ್ತಿ, ಬೆರಳಲ್ಲಿ ಕಿಟಕಿ ಎಣಿಸಿ,
ಹಲಗೆ ಎತ್ತಿ ಪಕ್ಕಕ್ಕಿಟ್ಟು ಕೂತಳು,
ಸೀಟು ಹಿಡಿದವರ ಗತ್ತಿನಲ್ಲಿ.
ಗಂಟು ಬಿಚ್ಚಿದಳು: ಬೇಯಿಸಿದ ಮರಗೆಣಸು, ಹುರಿದ ಕಡಲೆಕಾಯಿ.

"ಹದಿನೆಂಟು ತಿಂಗಳ ಕರಾರು, ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಗೆ.
ನಾನು ಬುತ್ತಿ ಹಿಡಿದು ಓಡಿದೆ,
ರೈಲು ನನಗಿಂತ ಚೆನ್ನಾಗಿ ಓಡಿತು.
ವಾಪಸು ಬಂದ, ಬರಲಿಲ್ಲವೆಂದಲ್ಲ.
ರೇಡಿಯೊ ತಂದ, ಎರಡು ಕಂಬಳಿ ತಂದ,
ಎದೆಗೂಡಿನ ತುಂಬ ಕಲ್ಲುಧೂಳು ತಂದ;
ಗಡಿಯಲ್ಲಿ ರೇಡಿಯೊಕ್ಕೆ ಸುಂಕ ಕಟ್ಟಿಸಿದರು,
ಧೂಳಿಗೆ ಕೇಳಲಿಲ್ಲ.
ಸಾಯುವ ತನಕ ಒಂದೇ ಮಾತು,
ಆವತ್ತು ನನ್ನ ಹಸಿದ ಹೊಟ್ಟೆಯಲ್ಲಿ ಕಳಿಸಿದೆ ಎಂದು.
ತಗೋ, ನೀನೂ ತಿನ್ನು."

ತಿಂದೆ. ಉಪ್ಪು ಒಂದು ಕೈ ಮುಂದಿತ್ತು.

ಅಷ್ಟರಲ್ಲಿ ಬಸ್ಸಿನವರು ಒಳಗೆ ಬಂದರು.
"ಎಷ್ಟು ನೈಜವಾಗಿ ಮಾಡಿದ್ದಾರೆ ನೋಡು!"
ಎಂದು ಒಬ್ಬಾಕೆ ಕ್ಯಾಮೆರಾ ಎತ್ತಿದಳು.
ಮುದುಕಿ ಟಪ್ಪೆಂದು ಕಡಲೆಕಾಯಿ ಒಡೆದಳು.
ಆಕೆ ಹಾರಿಬಿದ್ದ ರೀತಿಗೆ
ಮುದುಕಿ ನಕ್ಕ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ…
ಹೊರಗೆ ಮತೋಲಾದ ಲೋಕಲ್ ಬಂದು ನಿಂತಿರಬೇಕು,
ಬೆಂಚಿನ ಮೇಲಿನ ಸಿಪ್ಪೆಗಳು ಸಣ್ಣಗೆ ನಡುಗಿದವು.

ಹೋಗುವಾಗ ಅರ್ಧ ಚೀಟಿ ಬೆಳಕಿಗೆ ಹಿಡಿದು ನೋಡಿದಳು.
"ಇದು ಹೋಗಿದ್ದಕ್ಕಾಯಿತು. ಬರುವುದಕ್ಕೆ?"
ಡಬ್ಬಿಯಿಂದ ಇನ್ನರ್ಧ ತೆಗೆದುಕೊಟ್ಟೆ.

ಸಂಜೆ ಲೆಕ್ಕದಲ್ಲಿ ಒಂದು ಕಡಿಮೆ ಬಂತು.
ಇಲಿ ತಿಂದಿತೆಂದು ಬರೆದೆ.