ಕಡವಾಡದಲ್ಲಿ ಇಳಿದದ್ದು

ಇಪ್ಪತ್ತೆರಡು ವರ್ಷ ಈ ಊರಿನ ಹೆಸರು ಕೂಗಿದ್ದೇನೆ.
ಕಡವಾಡ, ಕಡವಾಡ, ಯಾರ್ರೀ ಕಡವಾಡ,
ಬೇಗ ಇಳೀರಿ, ಬುಟ್ಟಿ ಮೊದಲು.
ಎರಡು ಸೀಟಿ. ಬಸ್ಸು ಹೊರಟಿತು.
ಕಾರವಾರದಿಂದ ಒಂದು ಕವಳ ಜಗಿದು ಮುಗಿಯುವಷ್ಟು ದೂರ.
ಒಮ್ಮೆಯೂ ಕಾಲಿಟ್ಟವನಲ್ಲ.

ನಿವೃತ್ತಿಯಾದ ಮೂರನೇ ಮಂಗಳವಾರ
ನನ್ನದೇ ರೂಟಿನ ಬಸ್ಸಿಗೆ ದುಡ್ಡು ಕೊಟ್ಟು
ಕಿಟಕಿಗೆ ಕೂತು ಬಂದೆ.
ಕಂಡಕ್ಟರ್ ಹೊಸ ಹುಡುಗ, ಬೆಳಗಾವಿ ಕಡೆಯವ,
ನನ್ನ ಗುರುತಿಲ್ಲ.
ಊರು ಬಂದಾಗ ಅವನು ಕೂಗಿದ.
ನನ್ನ ಗಂಟಲಿಲ್ಲದೆಯೂ ಈ ಹೆಸರು ನಡೆಯುತ್ತದೆ
ಎಂದು ತಿಳಿದು, ತುಸು ಎಡವಿಯೇ ಇಳಿದೆ.

ನೋಡಲು ಏನಿದೆ ಇಲ್ಲಿ?
ಕಟ್ಟೆಯ ಮೇಲೆ ಬಲೆ ಹೊಲಿಯುತ್ತಿದ್ದವನನ್ನು ಕೇಳಿದೆ.
ಹೊಳೆ ಇದೆ, ಅಂದ.
ಸೂಜಿ ನಿಲ್ಲಿಸಿ ಯೋಚಿಸಿದ.
ಆಚೆ ದಡವೂ ಇದೆ.

ಅಷ್ಟರಲ್ಲಿ ಹಿಂದಿನಿಂದ,
ಅಯ್ಯೋ, ಲಗೇಜ್ ಗಾಂವಕರ್!
ಶೆವಂತಿ ತಾಂಡೇಲ.
ತಲೆಯ ಮೇಲೆ ಬುಟ್ಟಿ ಇಲ್ಲದಿದ್ದರೆ
ಅವಳು ಇಷ್ಟು ಎತ್ತರ ಎಂದು ನನಗೆ ತಿಳಿದೇ ಇರಲಿಲ್ಲ.
ಬಾಂಗಡೆ ಬುಟ್ಟಿಗೆ ಲಗೇಜು ಹರಿದದ್ದಕ್ಕೆ
ನನ್ನ ಏಳು ತಲೆಮಾರನ್ನು ಕೊಂಕಣಿಯಲ್ಲಿ ತೊಳೆದು
ಕನ್ನಡದಲ್ಲಿ ಒಣಗಿಸಿದವಳು.
ಬಾ, ಇಂಗ್ಲಿಷರ ಕೋಠಿ ತೋರಿಸುತ್ತೇನೆ, ಅಂದಳು.

ಗೇರುಮರಗಳ ನಡುವೆ ನಡೆದೆವು.
ಬೇಲಿ, ಬಾವಿ, ಯಾರದೋ ಸ್ಕೂಟರು,
ಒಣಹಾಕಿದ ಸಿಗಡಿಗೆ ಕಾವಲು ಕೂತ ಅಜ್ಜಿ,
ಅವಳಿಗೆ ಕಾವಲು ಕೂತ ಕಾಗೆ.
ಒಂದು ಕಡೆ ನಿಂತು, ಇದೇ, ಅಂದಳು.

ಚಿರೇಕಲ್ಲಿನ ನಾಲ್ಕು ಸಾಲು. ಕೆಸುವಿನ ಎಲೆ.
ಎಮ್ಮೆ ಕಟ್ಟುವ ಗೂಟ.
ಎಲ್ಲಿಂದಲೋ ಹಡಗು ಹತ್ತಿ ಬಂದು
ಘಟ್ಟದ ಮೆಣಸು, ಹುಬ್ಬಳ್ಳಿ ಕಡೆಯ ಮಗ್ಗದ ಬಟ್ಟೆ
ತೂಗಿ, ಮಡಚಿ, ಪುಸ್ತಕಕ್ಕೆ ಏರಿಸಿದ್ದು
ಇಲ್ಲಿಯೇನಾ?
ಯಾರಿಗೆ ಗೊತ್ತು ಮಾರಾಯ.
ನಮ್ಮ ಮಾವ ಇದೇ ಅನ್ನುತ್ತಿದ್ದ,
ಅತ್ತೆ ಆಚೆಯ ತೆಂಗಿನ ಬುಡ ಅನ್ನುತ್ತಿದ್ದಳು.
ಜಗಳ ಮುಗಿಯುವ ಮೊದಲೇ ಇಬ್ಬರೂ ಹೋದರು.

ಕಲ್ಲಿನ ಮೇಲೆ ಕೈಯಿಟ್ಟೆ.
ಮಧ್ಯಾಹ್ನದ ಎಂಜಿನ್ ಬಾನೆಟ್ಟಿನ ಬಿಸಿ.
ಅವರಲ್ಲೂ ಒಬ್ಬ ಇದ್ದಿರಬೇಕು ನನ್ನಂಥವ,
ದೀಪದ ಕೆಳಗೆ ದಿನದ ಲೆಕ್ಕ ತಾಳೆ ನೋಡಿ
ನಾಲ್ಕು ಕಾಸು ಕಡಿಮೆ ಬಂದರೆ ಕೈಯಿಂದ ತುಂಬುವವ,
ಊರಿನ ಹೆಸರನ್ನು ಬಾಯಿಗೆ ಬಂದ ಹಾಗೆ ತಿರುಚಿ ಬರೆದು
ಈ ಓಣಿಗೆ ಒಮ್ಮೆಯೂ ಇಳಿಯದೆ
ಜ್ವರಕ್ಕೋ ಹಡಗಿಗೋ ಹೊರಟುಹೋದವ.

ಕಾಳಿ ಇಳಿತದಲ್ಲಿತ್ತು.
ಸೊಂಟದ ನೀರಲ್ಲಿ ಹೆಂಗಸರು
ಕಾಲ್ಬೆರಳಿಂದಲೇ ತಡಕಿ ಬಳಚು ಆಯುತ್ತಿದ್ದರು,
ನೆಲವನ್ನು ಹೆಸರು ಹಿಡಿದು ಕರೆದ ಹಾಗೆ.
ಪಡುವಕ್ಕೆ ಬೆರಳು ತೋರಿದಳು, ಸದಾಶಿವಗಡ.
ಅದಕ್ಕೂ ಹೋಗು ಒಮ್ಮೆ. ಮೇಲೆ ದುರ್ಗೆಯ ಗುಡಿ, ಹತ್ತಿರವೇ ದರ್ಗಾ.
ನೀನು ನೋಡಿದ್ದೀಯಾ?
ಮದುವೆಯಾದ ವರ್ಷ ಹೋಗಿದ್ದೆ.
ಹತ್ತಿದ್ದು ನೆನಪಿದೆ. ಕಂಡದ್ದು ನೆನಪಿಲ್ಲ.

ಬಸ್ಸಿನ ಹೊತ್ತಾಯಿತು.
ನಿಲ್ದಾಣದಲ್ಲಿ ಅವಳು ದನಿ ಬದಲಿಸಿದಳು.
ಮೂರು ರೂಪಾಯಿ.
ಟಿಕೇಟಿನ ಹಿಂದೆ ಬರೆದುಕೊಟ್ಟಿದ್ದೆ,
ಇಳಿಯುವಾಗ ಕೇಳಿದರೆ ಸೀಟಿ ಹೊಡೆದುಬಿಟ್ಟೆ.
ಯಾವಾಗ?
ಹಳೇ ಸೇತುವೆ ಇದ್ದಾಗ.
ಟಿಕೇಟು ಎಲ್ಲಿ?
ಮೀನು ತೊಳೆದ ನೀರಲ್ಲಿ ಹೋಯಿತು. ಸಾಲ ಹೋಗುತ್ತದೆಯಾ?

ಹತ್ತರ ನೋಟು ಕೊಟ್ಟೆ.
ಸೆರಗಿನ ಗಂಟು ಬಿಚ್ಚಿ, ತಡಕಿ, ಮತ್ತೆ ಕಟ್ಟಿ
ಚಿಲ್ಲರೆ ಇಲ್ಲ, ಅಂದಳು, ಥೇಟ್ ನನ್ನ ಹಾಗೆ,
ಮುಖ ಬೇರೆ ಕಡೆ ತಿರುಗಿಸಿ.
ಮುಂದಿನ ಸಲ ಇಳಿದಾಗ ತಗೋ.

ಕಿಟಕಿಗೇ ಕೂತೆ.
ಯಂತ್ರದಿಂದ ಬಂದ ತೆಳ್ಳನೆಯ ಟಿಕೇಟು ತಿರುಗಿಸಿ
ತೊಡೆಯ ಮೇಲಿಟ್ಟು ಬರೆದೆ: ಬಾಕಿ ಏಳು, ಕಡವಾಡ.
ಪೆನ್ನು ಇನ್ನೂ ಕಿವಿಯ ಹಿಂದೆಯೇ ಇತ್ತು.