ಪರಿಚಯವಿಲ್ಲದ ಅಳತೆ

ನಿನ್ನಲ್ಲಿ ಏನಿದೆ? ಎಂದು ಕೇಳುತ್ತದೆ.
ಆಮೇಲೆ, ನಿನಗೆ ಏನು ಬೇಕು?
ಕಪ್ಪು ಪರದೆ, ಬಿಳಿ ಅಕ್ಷರ, ಮಿಡುಕುವ ಒಂದು ಗೆರೆ.
ಇಷ್ಟೇ ಇದರ ಮಾತು. ನಮಸ್ಕಾರವಿಲ್ಲ, ಚಳಿಯ ಸುದ್ದಿಯಿಲ್ಲ.
ಇನಾರಿಯ ಈ ಕಚೇರಿಯಲ್ಲಿ ಹನ್ನೊಂದು ಚಳಿಗಾಲ
ಇದರ ಜೊತೆಗೇ ನನ್ನ ಒಗೆತನ:
ಪೌಂಡು ಕೊಟ್ಟರೆ ಕಿಲೋ, ಅಡಿ ಕೊಟ್ಟರೆ ಮೀಟರು.
ಒಮ್ಮೆ ಬೇಜಾರಿಗೆ ಲೀಟರು ಕೊಟ್ಟು ಗಂಟೆ ಕೇಳಿದೆ;
ಕೂಡಿಬರುವುದಿಲ್ಲ ಎಂದಿತು,
ಜಾತಕ ನೋಡಿದವರ ಹಾಗೆ.

ಇವತ್ತು ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತ
ನೀಲ್ಲಸ್ ಸಾಯಿಯೆತ್ಸ್.
ವಾಲ್ವೆರೀನು ಎರಡು ಹೆಣ್ಣು ಹಿಮಸಾರಂಗಗಳನ್ನು ಮುಗಿಸಿದೆ,
ಒಂದರ ಹೊಟ್ಟೆಯಲ್ಲಿ ಮರಿ.
ಪರಿಹಾರದ ಅರ್ಜಿಯ ಆರನೇ ಕಲಂ:
ರಸ್ತೆಯಿಂದ ದೂರ, ಕಿಲೋಮೀಟರಿನಲ್ಲಿ.
ಮುದುಕ ಟೋಪಿ ತೆಗೆದು ಮೊಣಕಾಲ ಮೇಲಿಟ್ಟು ಹೇಳಿದ:
'ಮೂರು ಪೊರೊನ್‌ಕುಸೆಮ.'

ನಗಬೇಡಿ. ಹಿಮಸಾರಂಗ ಓಡುತ್ತ ಉಚ್ಚೆ ಹೊಯ್ಯಲಾರದು,
ಕಟ್ಟಿಕೊಂಡರೆ ಜೀವಕ್ಕೇ ಕುತ್ತು;
ಸ್ಲೆಡ್ಜಿನವನು ನಿಲ್ಲಿಸಲೇಬೇಕು.
ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಇರುವ ನೆಲ
ಒಂದು ಪೊರೊನ್‌ಕುಸೆಮ.
ಅದನ್ನೇ ಬರೆದು ಗುಂಡಿ ಒತ್ತಿದೆ.
ಬಂದ ಉತ್ತರ: ಪರಿಚಯವಿಲ್ಲದ ಅಳತೆ.

'ಫರ್ಲಾಂಗು ಗೊತ್ತು ಇದಕ್ಕೆ,' ಎಂದೆ, 'ಜ್ಯೋತಿರ್ವರ್ಷ ಗೊತ್ತು.'
ನೀಲ್ಲಸ್ ಪರದೆಯತ್ತ ಬಗ್ಗಿದ,
ದಕ್ಷಿಣದಿಂದ ಹೊಸದಾಗಿ ಬಂದ ಪಾದ್ರಿಯನ್ನು ನೋಡುವ ಹಾಗೆ.
'ಪಾಪ. ಹೇಳಿಕೊಡು.'

ಹೇಳಿಕೊಡಬಹುದು. ಇದರ ಬೆನ್ನಿಗೊಂದು ಕಡತವಿದೆ,
ಅಲ್ಲಿ ಒಂದು ಸಾಲು ಸೇರಿಸಿದರೆ ಸಾಕು,
ಎಡಕ್ಕೆ ಹೆಸರು, ಬಲಕ್ಕೆ ಬೆಲೆ.
'ಒಂದು ಅಂದರೆ ಎಷ್ಟು ಬರೆಯಲಿ?'
'ಯಾವ ತಿಂಗಳು?'
'ಅಂದರೆ?'
'ಮಾರ್ಚಿನ ಗಟ್ಟಿ ಹಿಮವೋ, ಮೇ ತಿಂಗಳ ರಾಡಿಯೋ?
ಬೀಜ ಒಡೆದ ಗಂಡೋ, ಬಸುರಿಯೋ? ಬಸುರಿ ಅರ್ಧಕ್ಕೇ ನಿಲ್ಲುತ್ತಾಳೆ.
ಅವಳ ಮಾತು ಬಿಡು,
ಸ್ಲೆಡ್ಜಿನ ಮೇಲೆ ಕೂತವನು ಎಷ್ಟು ಕಾಫಿ ಕುಡಿದಿದ್ದಾನೆ?'

ಗೆರೆ ಮಿಡುಕುತ್ತಿತ್ತು. ಅದಕ್ಕೆ ಕಾಯುವುದು ಗೊತ್ತು.

ಒಲ್ಲದ ಮನಸ್ಸಿನಿಂದ ಏಳೂವರೆ ಕಿಲೋಮೀಟರಿಗೆ ಒಪ್ಪಿದ.
ಬರೆದೆ. ಸಾಲಿನ ಕೊನೆಗೊಂದು ಚಿಹ್ನೆ ಹಾಕಿದರೆ
ಅದರಾಚೆಯದನ್ನು ಯಂತ್ರ ಓದುವುದಿಲ್ಲ;
ಅಲ್ಲಿ ಸೇರಿಸಿದೆ: ಮಾರ್ಚ್, ಗಟ್ಟಿ ಹಿಮ, ಬೀಜ ಒಡೆದ ಗಂಡು,
ಹೇಳಿದವರು ನೀಲ್ಲಸ್.
ಬಸುರಿಗೆ ಅರ್ಧ.

ನಿನ್ನಲ್ಲಿ ಏನಿದೆ?
ಮೂರು ಪೊರೊನ್‌ಕುಸೆಮ.
ನಿನಗೆ ಏನು ಬೇಕು?
ಇಪ್ಪತ್ತೆರಡೂವರೆ ಎಂದಿತು, ಹುಟ್ಟಿದಂದಿನಿಂದ ಗೊತ್ತಿದ್ದ ಹಾಗೆ.
ಕೆಳಗೆ, ತನ್ನ ರೂಢಿಯಂತೆ, ತಲೆಕೆಳಗು ಮಾಡಿದ ಲೆಕ್ಕ:
ಸೊನ್ನೆ ಬಿಂದು ಸೊನ್ನೆ ನಾಲ್ಕು ನಾಲ್ಕು ನಾಲ್ಕು.
ಅದು ಯಾರಿಗೂ ಬೇಕಿರಲಿಲ್ಲ.

ಸಹಿ ಹಾಕಿದ ಮೇಲೂ ನೀಲ್ಲಸ್ ಏಳಲಿಲ್ಲ.
'ಹೆಲ್ಸಿಂಕಿಗೆ ಎಷ್ಟು, ಕೇಳು.'
ಸಾವಿರದ ನೂರ ಇಪ್ಪತ್ತು ಕಿಲೋಮೀಟರು ಕೊಟ್ಟೆ.
ನೂರ ನಲವತ್ತೊಂಬತ್ತು, ಮೇಲೆ ಚೂರು.
ಮುದುಕ ಬಹಳ ಹೊತ್ತು ಆ ಸಂಖ್ಯೆಯನ್ನೇ ನೋಡಿದ.
'ಮೊಮ್ಮಗಳ ಮದುವೆಗೆ ಹೋದಾಗ
ಬಸ್ಸಿನವನು ನಿಲ್ಲಿಸಿದ್ದು ನಾಲ್ಕೇ ಸಲ,' ಎಂದ,
ಟೋಪಿ ಹಾಕಿಕೊಂಡು ಹೊರಟ,
ಬಾಗಿಲು ಸರಿಯಾಗಿ ಮುಚ್ಚದೆ.