ಹನ್ನೊಂದಕ್ಕೆ ಮುಂಚೆ

ಪರದೆಯ ಬಲಮೂಲೆಯಲ್ಲಿ ನಾಲ್ಕು ತಿಂಗಳಿಂದ
ಒಂದು ನೀಲಿ ಚೌಕ ಬಂದು ನಿಲ್ಲುತ್ತದೆ,
ಸಾಲ ಕೇಳಲು ಬಂದ ನೆಂಟನ ಹಾಗೆ, ವಿನಯವಾಗಿ:
ಹತ್ತರ ಕಾಲ ಮುಗಿಯಿತು, ಹನ್ನೊಂದಕ್ಕೆ ಬನ್ನಿ.
ಕೆಳಗೆ ಎರಡು ಗುಂಡಿ. ಈಗ. ಆಮೇಲೆ.
ನಾನು ಆಮೇಲೆ ಒತ್ತಿ
ವಕೀಲರ ಅಫಿಡವಿಟ್ಟಿಗೆ ಹಿಂದಿರುಗುತ್ತೇನೆ.

ಹನ್ನೊಂದು ಅಂದರೆ ಅರಸೀಕೆರೆಯಲ್ಲಿ,
ಅದರಲ್ಲೂ ಕೋರ್ಟಿನೆದುರಿನ ಈ ಹತ್ತಡಿ ಅಂಗಡಿಯಲ್ಲಿ,
ತಿಥಿ ಕಾರ್ಡು.
ಕಪ್ಪು ಅಂಚು, ಮೂಲೆಗೊಂದು ದೀಪ,
ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಹನ್ನೊಂದು ಕುಟ್ಟಿದ್ದೇನೋ.
ಈ ಯಂತ್ರವೂ ಹಾಗೇ ಕರೆಯುತ್ತಿದೆ.
ದುಃಖತಪ್ತರು ಯಾರು, ಊಟ ಎಲ್ಲಿ,
ಅದನ್ನು ಮಾತ್ರ ಹೇಳುತ್ತಿಲ್ಲ.

ತಬ್ರೇಜ್ ಬಂದ. ಬಿ.ಎಚ್. ರಸ್ತೆಯಲ್ಲಿ ಅವನದು ರಿಪೇರಿ.
ಡಬ್ಬದ ಪಕ್ಕೆ ಬಿಚ್ಚಿ ಊದಿದ:
ಧೂಳು, ಒಂದು ರಬ್ಬರ್ ಬ್ಯಾಂಡು,
ಹಲ್ಲಿಯ ಎರಡು ಮೊಟ್ಟೆ, ಅದರಲ್ಲೊಂದು ಒಡೆದದ್ದು.
“ಅಕ್ಕ, ಈ ಪೀಸಿ ಅರ್ಹವಲ್ಲ ಅಂತ ಬರ್ತಿದೆ.
ಬೈಪಾಸ್ ಮಾಡ್ಬೋದು ಬಿಡಿ.”
ಬೈಪಾಸು ಅಂದದ್ದಕ್ಕೆ ಬೆಂಚಿನ ಮೇಲಿದ್ದ
ಛಾಪಾ ಕಾಗದದ ತೋಂಟದಪ್ಪನವರು ಎದೆ ಮುಟ್ಟಿಕೊಂಡರು.
ಅವರದು ಮೈಸೂರಿನಲ್ಲಿ ಆಗಿದೆ. ಮೂರು ನಾಳ.

ಅರ್ಹವಲ್ಲ.
ಈ ಪದವನ್ನು ನಾನೇ ಎಷ್ಟು ಸಲ ಜೋಡಿಸಿಲ್ಲ,
ಪಡಿತರ ಚೀಟಿಗೆ, ವಿಧವಾ ವೇತನಕ್ಕೆ,
ಮೇಲ್ಮನವಿಯ ಎರಡನೇ ಸಾಲಿನಲ್ಲಿ.
ಎದುರು ಕೂತವರ ಮುಖ ನೋಡದೆ
ಸ್ಪೇಸು ಒತ್ತಿ ಮುಂದಿನ ಪದಕ್ಕೆ ಹೋಗಿಬಿಡುತ್ತಿದ್ದೆ.

ನೋಡೋಣ ಅಂತ ಬೇರೊಂದು ಡಿಸ್ಕಿಗೆ ಹೊಸದನ್ನು ಹಾಕಿ
ನನ್ನ ಹಳೆಯ ಫೈಲೊಂದನ್ನು ತೆರೆದ.
ಕನ್ನಡವೇ ಇಲ್ಲ.
ಕ ಇದ್ದಲ್ಲಿ ಪಿ, ಪಕ್ಕದಲ್ಲಿ ಟೋಪಿ ಹಾಕಿದ ಎ.
ನ ಇದ್ದಲ್ಲೆಲ್ಲ ಪೌಂಡಿನ ಗುರುತು.
ಬಾಣಾವರದ ನಂಜಮ್ಮನವರ ಹೆಸರಿನಲ್ಲಿ ಎರಡು ಪೌಂಡು!
ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಆಯ್ದ ಮುದುಕಿ,
ನೂರರ ನೋಟು ಮುರಿಸಲು ನನ್ನಲ್ಲಿಗೆ ಬರುತ್ತಿದ್ದರು,
ಎಣಿಸಿದ್ದನ್ನೇ ಎಣಿಸುತ್ತ.

ಆಗ ತಿಳಿಯಿತು (ಮೊದಲೇ ಗೊತ್ತಿತ್ತು ಅನ್ನಿ):
ಇಷ್ಟು ದಿನ ನಾನು ಜೋಡಿಸಿದ್ದು ಕನ್ನಡವಲ್ಲ,
ಕನ್ನಡದ ಅಂಗಿ ತೊಟ್ಟ ಯಾವುದೋ ಊರಿನ ಅಕ್ಷರ.
ಅಂಗಿ ಕಳಚಿದರೆ
ಹೆತ್ತ ಮಗನೂ ಗುರುತು ಹಿಡಿಯುವ ಹಾಗಿಲ್ಲ.

“ಫಾಂಟು ಹಾಕಿದ್ರೆ ಎಲ್ಲಾ ಬಂದ್ಬಿಡ್ತಾರೆ, ಅಳ್ಬೇಡಿ ಅಕ್ಕ.”
ನಾನು ಅಳುತ್ತಿರಲಿಲ್ಲ. ಧೂಳು.
ಪೆನ್ ಡ್ರೈವು ಚುಚ್ಚಿದ. ನಂಜಮ್ಮನವರು ಬಂದರು.
ಮೂಲೆಯ ದೀಪ ಬರಲಿಲ್ಲ.
ಪ್ರಿಂಟರಂತೂ, ಈ ಮನೆಯವರ ಪರಿಚಯವೇ ತನಗಿಲ್ಲ
ಎಂಬಂತೆ ಮುಖ ತಿರುಗಿಸಿ ಕೂತಿತು.

ಸಂಜೆ ಹಾರನಹಳ್ಳಿಯ ಹುಡುಗ. ಅವನ ಅಪ್ಪ ತೀರಿ ಐದು ದಿನ.
“ಕಾರ್ಡು ಬೇಡ ಅಕ್ಕ, ಬರೀ ಅಕ್ಷರ ಕಳ್ಸಿ,
ಗ್ರೂಪಿಗೆ ಹಾಕ್ತೀನಿ.”
ಕುಟ್ಟಿದೆ, ಕಳಿಸಿದೆ. ಅವನ ಫೋನಿನಲ್ಲಿ
ಪೌಂಡು, ಟೋಪಿ.
ನಕ್ಕುಬಿಟ್ಟ, ಆಮೇಲೆ ನಕ್ಕದ್ದಕ್ಕೆ ನಾಚಿದ.
ನನ್ನದೇ ಫೋನು ತೆಗೆದು, ಹೆಬ್ಬೆರಳಲ್ಲಿ,
ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿದ ನಾನು,
ಒಂದೊಂದೇ ಒತ್ತಿದೆ: ಸಣ್ಣನಿಂಗಪ್ಪ.
ತಿಪಟೂರಿನ ಮಗಳಿಗೂ, ದುಬೈಯ ಭಾವಮೈದನಿಗೂ
ಸಣ್ಣನಿಂಗಪ್ಪ ಸಣ್ಣನಿಂಗಪ್ಪನಾಗಿಯೇ ಮುಟ್ಟಿದರು.
ದುಡ್ಡು ಎಷ್ಟು ಅಂದ. ಏನು ಹೇಳಲಿ, ಕಾಗದವೇ ಖರ್ಚಾಗಿಲ್ಲ.

ಅಂಗಡಿ ಮುಚ್ಚುವ ಹೊತ್ತು. ಮೂಲೆಯಲ್ಲಿ ಮತ್ತೆ ಚೌಕ.
ಹುಬ್ಬಳ್ಳಿ ಗಾಡಿ ಹೋದ ಅದುರಿಗೆ
ಬಾಣ ಕೊಂಚ ಸರಿಯಿತು,
ಯಾವ ಗುಂಡಿಯ ಕಡೆಗೋ ನೋಡಲಿಲ್ಲ.
ಎರಡನ್ನೂ ಒತ್ತದೆ
ತಬ್ರೇಜ್ ಬಿಟ್ಟುಹೋದ ಪೆನ್ ಡ್ರೈವಿಗೆ
ಮೊದಲು ತಿಥಿಯ ಫೋಲ್ಡರು ಎಳೆದೆ.
ಒಂದು ಗಂಟೆ ನಲವತ್ತು ನಿಮಿಷ ಬೇಕಂತೆ.
ಆಗಲಿ. ಮದುವೆಯವರು ಕಾಯುತ್ತಾರೆ,
ಹೆಸರು ತಪ್ಪಾದರೆ
ಅವರು ಇನ್ನೂ ಬಂದು ತಿದ್ದಿಸಬಲ್ಲರು.